ಮಂಗಳವಾರದ ಪ್ಯಾಸೆಂಜರು

ಅರಸೀಕೆರೆ ರೈಲ್ವೆ ಕಾಲೊನಿಯ ನಮ್ಮ ಸಭೆಗೆ
ಮೂವತ್ತೊಂದು ಮನೆ. ನಾನು ಖಜಾಂಚಿ.
ಗೂಡ್ಸ್ ಆಫೀಸಿನಲ್ಲಿ ಪಳಗಿದ ಕೈ;
ಕಾಣಿಕೆ ಚೀಲ ಸುರಿದರೆ
ಸವೆದ ನಾಣ್ಯವನ್ನೂ ಮುಖ ಮೇಲೆ ಮಾಡಿ ಇಡುತ್ತೇನೆ.
ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ,
ಕೆಳಗೆರಡು ಗೆರೆ, ಸಹಿ.

ಅದೇ ಪುಸ್ತಕದ ನೂರಾ ಹದಿನಾಲ್ಕನೇ ಪುಟದಲ್ಲಿ
ವಕೀಲರ ಫೀಸು ಇದೆ, ನಾಲ್ಕು ವರ್ಷದ್ದು.
ಆನಂದಪ್ಪ ಹೂಡಿದ ದಾವೆ:
ಚರ್ಚಿನ ಬೀಗ ಯಾರದು, ಸಮಾಧಿ ಜಾಗದ ಬೇಲಿ ಯಾರದು.
ಎರಡು ಈಸ್ಟರು ನಾವು ಹೊರಗೆ ಬೇವಿನ ಮರದಡಿ
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ಕರ್ತನು ಎದ್ದಿದ್ದಾನೆ ಎಂದೆವು,
ಅವನ ಬೀಗ ನೋಡುತ್ತಾ.

ದಾವೆ ಬಿತ್ತು. ಆಮೇಲೆ ಅವನೂ ಬಿದ್ದ.
ಕಿಡ್ನಿ. ವಾರಕ್ಕೆರಡು ಸಲ ಹಾಸನ;
ನಾಲ್ಕು ಗಂಟೆ ರಕ್ತ ಹೊರಗೆ ಹೋಗಿ ಒಳಗೆ ಬರಬೇಕು.
ಹೆಂಡತಿ ಇಲ್ಲ, ಮಕ್ಕಳಾಗಲಿಲ್ಲ.
ಸುದ್ದಿ ಕೇಳಿದ ರಾತ್ರಿ, ಸುಳ್ಳು ಯಾಕೆ,
ನನಗೆ ಒಳ್ಳೆ ನಿದ್ದೆ ಬಂತು.

ಮುಂದಿನ ಮಂಗಳವಾರ ನಿರೀಕ್ಷಣಮ್ಮ,
ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು,
ರಜೆ ಹಾಕಿ ಅವನ ಜೊತೆ ಪ್ಯಾಸೆಂಜರು ಹತ್ತಿದಳು.
ಶುಕ್ರವಾರ ಪಾಯಿಂಟ್ಸ್‌ಮನ್ ಅಬ್ನೇರ,
ರಾತ್ರಿ ಪಾಳಿ ಮುಗಿಸಿ, ಸ್ನಾನವೂ ಇಲ್ಲದೆ.
ಮತ್ತೆ ಮಂಗಳವಾರ ಡೊರ್ಕಾಸಮ್ಮ;
ಅವಳಿಗೇ ಕಣ್ಣು ಮಂಜು,
ಆಸ್ಪತ್ರೆಯ ಮೆಟ್ಟಿಲಲ್ಲಿ ರೋಗಿಯೇ ಕೈ ಹಿಡಿದನಂತೆ.
ಕಮಿಟಿ ಕೂಡಲಿಲ್ಲ. ಠರಾವು ಆಗಲಿಲ್ಲ.
ಅಯ್ಯನವರು ಪ್ರಸಂಗದಲ್ಲಿ ಒಂದು ಮಾತೂ ಎತ್ತಲಿಲ್ಲ;
ತಮ್ಮ ಸರದಿಗೆ ಸುಮ್ಮನೆ ಕೊಡೆ ಹಿಡಿದು ಹೊರಟರು.

ಗೇಟಿನ ಬಳಿ ನಿರೀಕ್ಷಣಮ್ಮನನ್ನು ತಡೆದು ಕೇಳಿದೆ:
ಯಾರು ಹೇಳಿದ್ದು ನಿಮಗೆ?
ಅಕ್ಕಿ ಆರಿಸುವವಳ ಹಾಗೆ ನೆಲ ನೋಡಿದಳು.
“ನಂಗೂ ಗೊತ್ತಿಲ್ಲ ಅಣ್ಣ. ಹೋಗಬಾರದು ಅಂತಲೇ ಮಲಗಿದ್ದೆ.
ಬೆಳಿಗ್ಗೆ ನೋಡಿದರೆ ಎರಡು ಡಬ್ಬಿ ಕಟ್ಟಿದ್ದೆ.
ಅಷ್ಟು ಒಳ್ಳೆತನ ನನ್ನತ್ರ ಇಲ್ಲ, ನಿಮಗೇ ಗೊತ್ತಲ್ಲ.
ಎಲ್ಲಿಂದಲೋ ಬರ್ತದೆ.”

ಎಲ್ಲಿಂದಲೋ ಬಂದದ್ದನ್ನು ಎಡಕ್ಕೆ ಬರೆಯಬೇಕು;
ಎಷ್ಟು ಅಂತ ಬರೆಯಲಿ?
ಕೊಟ್ಟದ್ದು ಬಲಕ್ಕೆ ಹೋಗಬೇಕು;
ಆದರೆ ಹೋದವರು ಯಾರೂ ಕಡಿಮೆಯಾಗಿ ಮರಳಲಿಲ್ಲ.
ಹತ್ತು ವರ್ಷ ತುಟಿ ಬಿಚ್ಚದ ಅಬ್ನೇರ
ಈಗ ಹಾಡುತ್ತಾನೆ, ಶ್ರುತಿಯಿಲ್ಲದೆ, ಜೋರಾಗಿ.
ಮಾತು ಬಿಟ್ಟಿದ್ದ ಎರಡು ಮನೆ
ಒಂದೇ ಟಿಫಿನ್ ಕ್ಯಾರಿಯರ್ ತೊಳೆಯುತ್ತವೆ.
ಅವನದು ಬಿಟ್ಟರೆ ಮೂವತ್ತು ಸರದಿ.
ಇಪ್ಪತ್ತೊಂಬತ್ತು ಮುಗಿಯಿತು.

ಹಬ್ಬನಘಟ್ಟ ದಾಟುವ ತನಕ
ಇಬ್ಬರೂ ಕಿಟಕಿಯನ್ನೇ ನೋಡಿದೆವು.
ನಡುವೆ ತೆಂಗಿನಕಾಯಿ ಮೂಟೆ, ಯಾರದೋ.
ಕೋರವಂಗಲದಲ್ಲಿ ಅದು ಇಳಿಯಿತು.
ಇನ್ನು ಅಡ್ಡ ಏನೂ ಇರಲಿಲ್ಲ.

ಯಂತ್ರ ತಿರುಗತೊಡಗಿತು.
ಕೊಳವೆಯಲ್ಲಿ ಅವನ ರಕ್ತ
ತೊಳೆಸಿಕೊಂಡು ತನ್ನ ಮನೆಗೇ ಮರಳುವುದನ್ನು
ನಾಲ್ಕು ಗಂಟೆ ನೋಡಿದೆ.
ತಿಂಗಳ ಮೊದಲ ಭಾನುವಾರ
ಕರ್ತನ ಭೋಜನಕ್ಕೆ ಮೊಣಕಾಲೂರಿ
ಮೂವತ್ತು ವರ್ಷ ಬಟ್ಟಲಿಗೆ ತುಟಿ ಹಚ್ಚಿದವನು ನಾನು;
ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಲೆಕ್ಕಕ್ಕೆ ಬಂದ್ಯಾ?” ಅಂದ, ಕಣ್ಣು ಮುಚ್ಚಿಕೊಂಡೇ.
ಏನೇನೋ ಹೇಳಬಹುದಿತ್ತು. ಕೃಪೆ ಎಂಬ ಮಾತು
ಇಷ್ಟು ಸಲ ಹಾಡಿ ನಾಲಿಗೆಗೆ ನುಣುಪಾಗಿ, ಜಾರಿತು.
“ಚಳಿ ಆಗ್ತಿದೆಯಾ?” ಅಂದೆ.
ಆಗುತ್ತಿತ್ತು. ಹೊದಿಕೆಯ ಒಂದು ತುದಿ ನಾನು ಎಳೆದೆ,
ಇನ್ನೊಂದನ್ನು ಅವನು.

ಟಿಕೆಟ್ಟು ಎರಡು. ಕಾಫಿ ಒಂದು,
ಅದರಲ್ಲಿ ಎರಡು ಗುಟುಕು ಅವನದು, ಡಾಕ್ಟರಿಗೆ ಹೇಳದೆ.
ಬರೆದಿದ್ದೇನೆ. ಗೆರೆ ಎಳೆದಿಲ್ಲ.
ಶುಕ್ರವಾರ ಮತ್ತೆ ನಿರೀಕ್ಷಣಮ್ಮನಿಂದ ಶುರು;
ಕತ್ತಲಾಗುವ ಮುಂಚೆ
ಅವಳ ಡಬ್ಬಿ ತಲುಪಿಸಿ ಬರಬೇಕು.